ಅಂಕೆಗೆ ಸಿಕ್ಕ ಅಕ್ಷರ



ನಮ್ಮ ತುಮಕೂರು ಜಿಲ್ಲೆಯ ಸಿದ್ದರಬೆಟ್ಟದ ಹೆಸರನ್ನು ಒಮ್ಮೆ ನಿಧಾನವಾಗಿ ಉಚ್ಚರಿಸಿ ನೋಡಿರಿ. ಸಿ, ದ್ದ, ರ, ಬೆ, ಟ್ಟ: ಕಾಗುಣಿತ ಕಲಿತ ಬಾಲಕನೂ ಇದರಲ್ಲಿ ಐದು ಅಕ್ಷರಗಳುಂಟೆಂದು ಹೇಳಿಯಾನು. ಇದೇ ಹೆಸರಿನ ಅಳತೆಯನ್ನು ಗಣಕಯಂತ್ರಗಳಿಂದ ಕೇಳಿದರೆ ಒಂದು 11 ಎನ್ನುತ್ತದೆ, ಒಂದು 22, ಇನ್ನೊಂದು 33, ಮತ್ತೊಂದು 44. ಸೋಜಿಗವೆಂದರೆ, ನಾಲ್ಕು ಉತ್ತರಗಳೂ ಸರಿಯೇ!

ಯಂತ್ರವು ಬಲ್ಲುದು ಅಂಕೆಗಳನ್ನು ಮಾತ್ರ. 1963ರಲ್ಲಿ ಅಮೆರಿಕದವರು ತಮ್ಮ ಲಿಪಿಗೆಂದು ಸಿದ್ಧಪಡಿಸಿದ ಆಸ್ಕಿ ಎಂಬ ಸಂಕೇತಾವಳಿಯಲ್ಲಿದ್ದುದು 128 ಸ್ಥಾನಗಳು. ಅವುಗಳಲ್ಲಿ ಕನ್ನಡಕ್ಕೆ ಒಂದೂ ಇರಲಿಲ್ಲ. ಮುಂದೆ ಸ್ಥಾನಗಳು 256 ಆದಾಗ ನಮ್ಮ ಮುದ್ರಣ ತಂತ್ರಾಂಶದವರು ತಲೆಕಟ್ಟು, ಕೊಂಬು, ಒತ್ತು, ಅರ್ಕಾವತ್ತುಗಳನ್ನು ಬಿಡಿಬಿಡಿ ಆಕೃತಿಗಳನ್ನಾಗಿ ಮಾಡಿ, ಅನ್ಯಲಿಪಿಯ ಸ್ಥಾನಗಳಲ್ಲಿ ತಮತಮಗೆ ತೋರಿದ ಕ್ರಮದಲ್ಲಿ ಕೂರಿಸಿದರು. ಹಾಡನ್ನು ಬರೆದಿಡುವ ಬದಲು ಹಾಡುವವನ ಬಾಯಿಯ ಚಿತ್ರವನ್ನು ಬರೆದಿಟ್ಟಂತಾಯಿತು! ಒಬ್ಬರ ಕಡತ ಇನ್ನೊಬ್ಬರಲ್ಲಿ ತೆರೆದರೆ ಅರ್ಥವಿಲ್ಲದ ಪರಲಿಪಿ. ಅಕಾರಾದಿಯಾಗಿ ಜೋಡಿಸುವುದಂತೂ ದೂರದ ಮಾತು. ಬರಹ, ನುಡಿ ಮೊದಲಾದ ತಂತ್ರಾಂಶಗಳು ಬಂದು ಕನ್ನಡದ ಟೈಪಿಂಗ್ ಮನೆಮನೆಗೆ ಮುಟ್ಟಿತು. ಆ ಕಥೆಯನ್ನು ನೀವೆಲ್ಲ ಬಲ್ಲಿರಿ.

ನಾನು ನಿಂತು ನೋಡಬೇಕೆನ್ನುವುದು ಒಬ್ಬ ಮಹನೀಯರ ಕಡೆಗೆ. 1940ರಲ್ಲಿ ದಕ್ಷಿಣ ಕನ್ನಡದ ಕಿನ್ನಿಕಂಬಳದಲ್ಲಿ ಜನಿಸಿದ ಕೆ. ಪಿ. ರಾವ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದಾಗ, ಲಿಪಿತಜ್ಞ ಐರಾವತಂ ಮಹಾದೇವನ್ ಅವರ ಸಿಂಧೂ ಮುದ್ರೆಗಳ ಅಧ್ಯಯನಕ್ಕೆ ಗಣಕದ ನೆರವು ನೀಡಿದವರು. ಆ ಅಧ್ಯಯನದ ಫಲವಾಗಿ 1977ರಲ್ಲಿ ಪ್ರಕಟವಾದ ಸಂಕೇತಕೋಶದ ಹಿಂದೆ ಅವರ ಪರಿಶ್ರಮವುಂಟು. ಧ್ವನಿಯೇನೆಂದು ಯಾರೂ ಅರಿಯದ, ಆಕೃತಿಯೊಂದೇ ಉಳಿದಿರುವ ಲಿಪಿಗೆ ಅಂಕೆಗಳನ್ನು ಕೊಟ್ಟ ಇಂಥವರು, ಧ್ವನಿಯೇ ಸರ್ವಸ್ವವಾದ ಕನ್ನಡದ ಕಡೆಗೆ ತಿರುಗಿದಾಗ ಕಂಡುಕೊಂಡುದನ್ನು ನೆನೆದರೆ ನನಗೆ ಈಗಲೂ ಪುಲಕವಾಗುತ್ತದೆ. ಕಿವಿಗೆ ಸಲ್ಲುವ ಶ್ರಾವಣಾಕ್ಷರ ಬೇರೆ, ಕಣ್ಣಿಗೆ ಸಲ್ಲುವ ಚಾಕ್ಷುಷಾಕ್ಷರ ಬೇರೆ ಎಂದು ನಮ್ಮ ವೈಯಾಕರಣರು ಹೇಳಿದ್ದರಷ್ಟೆ? ರಾವ್ ಅವರು ರೂಪಿಸಿದ ಕನ್ನಡದ ಕೀಲಿಮಣೆ ಆ ವಿವೇಕವನ್ನೇ ಯಂತ್ರಕ್ಕೆ ಕಲಿಸಿತು. ಕ, ಹಲಂತ (ಸ್ವರವನ್ನಳಿಸುವ ಚಿಹ್ನೆ), ಷ ಎಂದು ಧ್ವನಿಕ್ರಮದಲ್ಲಿ ಒತ್ತುವುದು ನಮ್ಮ ಕೆಲಸ. ಅದನ್ನು ಕ್ಷ ಎಂದು ತಿದ್ದಿ ತೋರಿಸುವುದು ಯಂತ್ರದ ಹೊಣೆ. ಆ ಕೀಲಿಮಣೆಯ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು ಲೋಕಕ್ಕೆ ಉಚಿತವಾಗಿ ಕೊಟ್ಟರು.

1991ರ ಭಾರತೀಯ ಮಾನಕವಾದ ಇಸ್ಕಿ ಈ ಧ್ವನಿಮಾರ್ಗವನ್ನೇ ಹಿಡಿಯಿತು. ಅದರಲ್ಲಿ ಕನ್ನಡದ ಕಕಾರಕ್ಕೂ ತೆಲುಗಿನ ಕಕಾರಕ್ಕೂ ಒಂದೇ ಅಂಕೆ. ಎರಡು ಲಿಪಿಗಳನ್ನೂ ಸರಾಗವಾಗಿ ಓದಬಲ್ಲ, ಆಂಧ್ರದ ಗಡಿಯ ಪಾವಗಡದ ಜನಕ್ಕೆ ಇದು ವಿಚಿತ್ರವೆನಿಸಲಾರದು. ಅದೇ ವರ್ಷ ಬಂದ, ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಾವಳಿಯಾದ ಯೂನಿಕೋಡ್ ಎರಡನ್ನೂ ಬೇರ್ಪಡಿಸಿತಾದರೂ ಅಕ್ಕಪಕ್ಕದಲ್ಲಿಯೇ ಇರಿಸಿತು: ತೆಲುಗಿನ ಕಕಾರ 3093, ಅದಕ್ಕೆ 128 ಕೂಡಿಸಿದರೆ 3221, ಅದು ನಮ್ಮ ಕಕಾರ.

ಅಂಕೆ ಒಂದಾದರೂ ಅದನ್ನು ಇರಿಸುವ ಪಾತ್ರೆ ಒಂದಾಗಲಿಲ್ಲ. ಸಿದ್ದರಬೆಟ್ಟದಲ್ಲಿ ಸ್ವರಚಿಹ್ನೆ, ಹಲಂತಗಳೂ ಸೇರಿ 11 ಸಂಕೇತಗಳು. ಸಿ ಎಂಬ ಗಣಕಭಾಷೆಯ ವೈಡ್ ಕ್ಯಾರೆಕ್ಟರ್ ಎಂಬ ಒಂದೇ ಹೆಸರಿನ ಜಾತಿ ವಿಂಡೋಸಿನಲ್ಲಿ ಎರಡು ಬೈಟು, ಲಿನಕ್ಸಿನಲ್ಲಿ ನಾಲ್ಕು. ಆದುದರಿಂದ ಅಲ್ಲಿ 22, ಇಲ್ಲಿ 44. 1992ರಲ್ಲಿ ಕೆನ್ ಥಾಮ್ಸನ್, ರಾಬ್ ಪೈಕ್ ಎಂಬಿಬ್ಬರು ನ್ಯೂಜೆರ್ಸಿಯ ಒಂದು ಉಪಾಹಾರಗೃಹದಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ರೂಪಿಸಿದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು, ಅದರಿಂದ 33. ಹೆಸರಿಗೆ 20 ಬೈಟು ಸಾಕೆಂದು ಯಾವನಾದರೂ ಅವಿವೇಕಿ ನಿಗದಿಪಡಿಸಿದನೋ, ಸಿದ್ದರು ಉಳಿದು ಬೆಟ್ಟ ಮಾಯವಾಗುತ್ತದೆ! ಒಂದು ಯಂತ್ರದಿಂದ ಇನ್ನೊಂದಕ್ಕೆ ಕಳುಹುವಾಗ ಯುಟಿಎಫ್-8ರಲ್ಲಿ ಕಳುಹಿರಿ, ಕತ್ತರಿಸಲೇಬೇಕಾದರೆ ಇಡೀ ಅಕ್ಷರದ ಅಂಚಿನಲ್ಲಿ ಕತ್ತರಿಸಿರಿ ಎಂಬುದೇ ಅನುಭವಿಗಳ ಸೂತ್ರ.

ಒಂದು ವಿಷಾದವನ್ನೂ ಹೇಳಿಬಿಡುತ್ತೇನೆ. ಪಂಪನ ಕಾಲದ ೞಕಾರಕ್ಕೆ ಯೂನಿಕೋಡಿನಲ್ಲಿ ಸ್ಥಾನವೇನೋ ದೊರೆಯಿತು. ಆದರೆ ಇಂಗ್ಲಿಷಿನಲ್ಲಿ ಅದರ ಹೆಸರು ‘ಫ’ ಎಂದು ದಾಖಲಾಯಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಲಾಗದೆಂಬುದು ಅಲ್ಲಿನ ನಿಯಮವಾದ ಕಾರಣ, ತಪ್ಪೆಂಬ ಟಿಪ್ಪಣಿಯೊಡನೆ ಆ ಹೆಸರು ಹಾಗೆಯೇ ನಿಂತಿದೆ. ಆರಂಭದಲ್ಲಿ ಕನ್ನಡ ಬಲ್ಲವನೊಬ್ಬ ಕಣ್ಣಿಟ್ಟು ನೋಡಿದ್ದರೆ ಸಾಕಾಗಿತ್ತು. ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ: 2021ರಲ್ಲಿ ಸ್ವರವಿಲ್ಲದ ನಕಾರದ ಹಳೆಯ ರೂಪವಾದ ನಕಾರಪೊಲ್ಲು ಕನ್ನಡ, ತೆಲುಗು ಎರಡರಲ್ಲಿಯೂ ಸ್ಥಾನ ಪಡೆಯಿತು, ಮತ್ತು ನಮ್ಮ ತುಮಕೂರಿನಿಂದಲೂ ಲಿಪಿಗಳ ಬಗೆಗೆ ಸಪ್ರಮಾಣವಾದ ಪ್ರಸ್ತಾವಗಳು ಯೂನಿಕೋಡ್ ಸಂಸ್ಥೆಗೆ ಹೋಗಿವೆ. ಮಧುಗಿರಿ, ಶಿರಾಗಳ ಶಾಸನಗಳನ್ನು ಓದಬಲ್ಲ, ಗಣಕವನ್ನೂ ಬಲ್ಲ ತರುಣ ತರುಣಿಯರು ಈ ಕೆಲಸಕ್ಕೆ ಬಂದರೆ, ನಮ್ಮ ಅಕ್ಷರಕ್ಕೆ ನಾಮಕರಣ ಮಾಡುವ ಅಧಿಕಾರ ಇನ್ನು ಮುಂದೆ ಪರರ ಪಾಲಾಗದು.