ಅಂಗವೈಕಲ್ಯವೂ ಕಾಯಕವೂ

 

ಕಾಣದ ಕಣ್ಣು, ನಡೆಯದ ಕಾಲು, ಬಿಡದ ಬೇನೆ, ಇವು ಇಲ್ಲದ ಊರಿಲ್ಲ. ಇಂಥವರನ್ನು ಕಂಡಾಗ ಲೋಕವು ಎರಡು ಮಾತುಗಳನ್ನಾಡುವದು. ಒಂದು, ‘ಅಯ್ಯೋ ಪಾಪ’ ಎಂಬುದು. ಇನ್ನೊಂದು, ‘ಪೂರ್ವಜನ್ಮದ ಕರ್ಮ’ ಎಂಬುದು. ಮೊದಲನೆಯದರಿಂದ ತುತ್ತು ಅನ್ನವಾದರೂ ದೊರೆತೀತು. ಎರಡನೆಯದರಿಂದ ಅದೂ ಇಲ್ಲ. ಆದರೆ ಎರಡೂ ಮನುಷ್ಯನನ್ನು ಪಡಸಾಲೆಯ ಮೂಲೆಯಲ್ಲಿ ಕುಳ್ಳಿರಿಸುವ ಮಾತುಗಳೇ.

ಮೂರನೆಯ ದಾರಿಯೊಂದುಂಟು. ಅದನ್ನು ತೋರಿದವರು ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು. ೧೯೦೯ರಲ್ಲಿ ಬಾದಾಮಿ ತಾಲೂಕಿನ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದವರು ಇವರೇ. ಅದೇ ಹೊಳೆಯು ಮುಂದೆ ಹರಿದು ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವದು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ರಲ್ಲಿ ಜನಿಸಿದ ಅಂಧ ಬಾಲಕನೊಬ್ಬನು ಶ್ರೀಗಳವರ ದೃಷ್ಟಿಗೆ ಬಿದ್ದನು. ಅವನಿಗೆ ಅನ್ನವಿಕ್ಕಿ ಕಳುಹಿಸಿದ್ದರೆ ಅದೂ ಪುಣ್ಯವೇ ಆಗುತ್ತಿದ್ದಿತು. ಶ್ರೀಗಳವರಾದರೋ ಅವನಲ್ಲಿ ಇಲ್ಲದ ಕಣ್ಣನ್ನು ನೋಡದೆ, ಇದ್ದ ಕಂಠವನ್ನು ನೋಡಿದರು; ಸಂಗೀತವಿದ್ಯೆಯನ್ನು ಕಲಿಸಿದರು. ಆ ಬಾಲಕನೇ ಗಾನಯೋಗಿ ಪಂಚಾಕ್ಷರ ಗವಾಯಿಗಳು. ತಾವು ಪಡೆದ ವಿದ್ಯೆಯನ್ನು ಅವರು ಅಂಧರಿಗೂ ಅನಾಥರಿಗೂ ದಾಸೋಹವಾಗಿ ಸಲ್ಲಿಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಆ ದಾಸೋಹದ ನೆಲೆ. ೧೯೪೪ರಲ್ಲಿ ಅವರು ಲಿಂಗೈಕ್ಯರಾದ ತರುವಾಯ, ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಅದನ್ನು ನಡೆಯಿಸಿದರು. ಕನ್ನಡ, ಸಂಸ್ಕೃತ, ಹಿಂದೀ ಮೂರೂ ಭಾಷೆಗಳಲ್ಲಿ ಗ್ರಂಥರಚನೆ ಮಾಡಿದರು. ಕಣ್ಣುಳ್ಳ ಬಸವರಾಜ ರಾಜಗುರುಗಳು ಪಂಚಾಕ್ಷರ ಗವಾಯಿಗಳಲ್ಲಿಯೂ, ವೆಂಕಟೇಶಕುಮಾರರು ಪುಟ್ಟರಾಜರಲ್ಲಿಯೂ ಕಲಿತರು. ಬೇಡುವವನೆಂದು ಲೋಕವು ಬಗೆದವನೇ ನೀಡುವವನಾದನು.

‘ಗಾನವಿದ್ಯೆ ಎಲ್ಲರಿಗೂ ಒಲಿಯುವದೇ?’ ಎಂದು ಕೇಳುವವರುಂಟು. ಒಲಿಯಬೇಕಾಗಿಲ್ಲ. ಇಳಕಲ್ಲಿನ ಸೀರೆಯನ್ನು ನೋಡಿರಿ. ಕುಣಿಮಗ್ಗದಲ್ಲಿ ಕುಳಿತವನು ಕಾಲಿನಿಂದ ಹಲಗೆಯನ್ನು ತುಳಿಯಲೇಬೇಕು. ಕಾಲಿಲ್ಲದವನಿಗೆ ಅದು ಅಸಾಧ್ಯ. ಆದರೆ ಕಂಡಿಕೆ ಸುತ್ತುವದಕ್ಕೆ, ಒಡಲ ಹಾಸನ್ನೂ ಸೆರಗಿನ ಹಾಸನ್ನೂ ಎಳೆಯೆಳೆಯಾಗಿ ಕೊಂಡಿ ಹಾಕಿ ಜೋಡಿಸುವದಕ್ಕೆ ಕೈಬೆರಳುಗಳ ಜಾಣ್ಮೆಯೇ ಮುಖ್ಯ. ಆ ಕೊಂಡಿಯಿಲ್ಲದೆ ಇಳಕಲ್ಲ ಸೀರೆಯೇ ಇಲ್ಲ.

ಇನ್ನು ದೀರ್ಘರೋಗಿಗಳ ಪಾಡು ಬೇರೆ. ಕುರುಡುತನವು ಕಾಣುವದು, ಕೀಲುಬೇನೆ, ಉಬ್ಬಸಗಳು ಕಾಣವು. ನಿನ್ನೆ ಹೊಲಕ್ಕೆ ಹೋದವಳು ಇಂದು ಏಳಲಾರಳು. ಮನೆಯವರು ‘ಸೋಗು’ ಎನ್ನುವರು. ಬೇನೆಗಿಂತ ಆ ಮಾತು ಹೆಚ್ಚು ಬೇಯಿಸುವದು. ಕಾಯಕವೆಂಬುದು ಸೇರು ಮಾನಗಳಿಂದ ಅಳೆಯುವ ವಸ್ತುವಲ್ಲ. ಶಕ್ತಿಯಿದ್ದಷ್ಟು, ಸತ್ಯವಾಗಿ ಮಾಡಿದುದೇ ಕಾಯಕ. ಏಳಲಾರದ ದಿನದ ವಿಶ್ರಾಂತಿಯು ಸೋಮಾರಿತನವಲ್ಲ. ಏನನ್ನೂ ಮಾಡಲಾರದೆ ಹಾಸಿಗೆ ಹಿಡಿದವರೂ ಅಂಗದ ಮೇಲೆ ಲಿಂಗವುಳ್ಳವರೇ; ಅವರ ಸೇವೆಯು ಉಪಕಾರವಲ್ಲ, ಜಂಗಮಪೂಜೆ.

ಸರಕಾರವು ೨೦೧೬ರ ಕಾಯಿದೆಯಲ್ಲಿ ಅಂಗವೈಕಲ್ಯದ ಬಗೆಗಳನ್ನು ೭ರಿಂದ ೨೧ಕ್ಕೆ ಹೆಚ್ಚಿಸಿ, ವಿಕಲಾಂಗರ ಹಕ್ಕುಗಳನ್ನು ಸಾರಿತು. ಕಾಯಿದೆಯು ಕಚೇರಿಯ ಬಾಗಿಲನ್ನು ತೆರೆಯಬಲ್ಲದು. ಮನೆಯ ಬಾಗಿಲನ್ನು ಮನೆಯವರೇ ತೆರೆಯಬೇಕು. ಕುರುಡನ ಬಡಿಗೆಯನ್ನೂ ನೀರಿನ ತಂಬಿಗೆಯನ್ನೂ ಇಟ್ಟಲ್ಲಿಂದ ಕದಲಿಸದಿರುವದು, ಮದುವೆಯ ಮಾತುಕತೆಯಲ್ಲಿ ಕುಂಟನ ಅಭಿಪ್ರಾಯವನ್ನೂ ಕೇಳುವದು, ಮಠದ ಮೆಟ್ಟಿಲುಗಳ ಬದಿಗೆ ಇಳಿಜಾರಿನ ದಾರಿಯೊಂದನ್ನು ಕಟ್ಟಿಸುವದು, ಇವು ಸಣ್ಣವಾಗಿ ತೋರಿದರೂ ನಿತ್ಯದ ಬಾಳು ನಿಂತಿರುವದು ಇವುಗಳ ಮೇಲೆಯೇ.

ಅನ್ನದಾಸೋಹವು ಒಂದು ಹೊತ್ತಿನ ಹಸಿವನ್ನು ತಣಿಸುವದು. ‘ನಿನ್ನಿಂದ ಏನಾದೀತು?’ ಎಂಬ ಪ್ರಶ್ನೆಯನ್ನು ತಿರಸ್ಕಾರದಿಂದಲ್ಲದೆ ಆದರದಿಂದ ಕೇಳಿ, ಉತ್ತರಕ್ಕೆ ಕಾಯುವದು ಅದಕ್ಕಿಂತ ದೊಡ್ಡ ದಾಸೋಹವು. ಅಂಥ ದಾಸೋಹವು ಮನೆಮನೆಯಲ್ಲಿ ನೆಲೆಗೊಳ್ಳಲಿ.