ಗಡಿ ದಾಟಿದರೂ ಗುಳಿಗೆ ತಪ್ಪದಿರಲಿ

ಕಲ್ಯಾಣದುರ್ಗ, ಹಿಂದೂಪುರ ಕಡೆಯ ನಮಗೆ ರಾಜ್ಯದ ಗಡಿ ದೊಡ್ಡ ವಿಷಯವಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಬೆಳಿಗ್ಗೆ ಪಾವಗಡಕ್ಕೆ ಹೋಗಿ ಸಂಜೆಗೆ ಬಂದುಬಿಡುತ್ತೇವೆ. ಮಳೆ ಕೈಕೊಟ್ಟು ಕಡಲೆಕಾಯಿ ಒಣಗಿದ ವರ್ಷ ಬುತ್ತಿ ಕಟ್ಟಿಕೊಂಡು ಬೆಂಗಳೂರಿಗೆ ಕೂಲಿಗೆ ಹೊರಡುತ್ತೇವೆ. ಹೀಗೆ ಹೋಗಿಬರುವ ಜನರಿಗೆ ತಿಳಿದಿರಲೇಬೇಕಾದ ವಿಷಯ ಎಚ್.ಐ.ವಿ. ಮತ್ತು ಏಡ್ಸ್.

ಇವೆರಡೂ ಒಂದೇ ಅಲ್ಲ. ಎಚ್.ಐ.ವಿ. ಎಂಬುದು ವೈರಸ್ಸಿನ ಹೆಸರು. ಅದು ಬಹಳ ಕಾಲ ಒಳಗಿದ್ದು ರೋಗನಿರೋಧಕ ಶಕ್ತಿ ಕುಂದಿದಾಗ ಬರುವ ಸ್ಥಿತಿ ಏಡ್ಸ್. ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನನ್ನ ಲೆಕ್ಕದಲ್ಲೇ ಹೇಳುತ್ತೇನೆ. ನಮ್ಮ ರಕ್ತದಲ್ಲಿ ಸಿ.ಡಿ. 4 ಎಂಬ ಜೀವಕೋಶಗಳಿವೆ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ ಸುಮಾರು 500ರಿಂದ 1500. ಇದೇ ನಮ್ಮ ಠೇವಣಿ. ವೈರಸ್ಸು ದಿನವೂ ಇದರಿಂದ ಸ್ವಲ್ಪ ಸ್ವಲ್ಪ ತೆಗೆಯುತ್ತಾ ಹೋಗುತ್ತದೆ. ಎಂಟು ಹತ್ತು ವರ್ಷ ಮನುಷ್ಯ ಗಟ್ಟಿಮುಟ್ಟಾಗಿಯೇ ಕಾಣಬಹುದು. ಶಿಲ್ಕು 200ಕ್ಕಿಂತ ಕೆಳಗಿಳಿದಾಗ ಅದನ್ನು ಏಡ್ಸ್ ಎನ್ನುತ್ತಾರೆ. ಆಗ ಕ್ಷಯದಂತಹ ರೋಗಗಳು ಸುಲಭವಾಗಿ ಮೇಲೆ ಬೀಳುತ್ತವೆ. ಮುಖ ನೋಡಿ ಇದನ್ನು ಹೇಳಲಾಗದು. ರಕ್ತಪರೀಕ್ಷೆಯೇ ಇದರ ಪಾಸ್‌ಬುಕ್ಕು.

ಈ ಸೋಂಕು ಹರಡುವ ದಾರಿಗಳು ಕೆಲವೇ: ನಿರೋಧ್ ಇಲ್ಲದ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಒಬ್ಬರು ಬಳಸಿದ ಸೂಜಿ, ಮತ್ತು ಬಸುರಿನಲ್ಲಿ, ಹೆರಿಗೆಯಲ್ಲಿ, ಎದೆಹಾಲಿನಲ್ಲಿ ತಾಯಿಯಿಂದ ಮಗುವಿಗೆ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಬಿಂದಿಗೆಯ ನೀರು ಕುಡಿದರೆ, ಪಕ್ಕದಲ್ಲಿ ಕೂತರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ. ತಡೆಯುವುದೂ ಅಷ್ಟೇ ಸರಳ. ನಿರೋಧ್ ಬಳಸಿ. ಹೊಸ ಸೂಜಿಯನ್ನೇ ಕೇಳಿ. ಅನುಮಾನವಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಪರೀಕ್ಷೆ ಮಾಡಿಸಿ. ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಕಾಣದಿರಬಹುದು. ಮೂರು ತಿಂಗಳ ನಂತರ ಮತ್ತೊಮ್ಮೆ ನೋಡಿಸಿಕೊಳ್ಳಿ.

ಅಮೆರಿಕದ ವೈದ್ಯರು 1981ರಲ್ಲಿ ಈ ರೋಗವನ್ನು ಮೊದಲು ವರದಿ ಮಾಡಿದರು. ನಮ್ಮ ದೇಶದಲ್ಲಿ 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಅವರ ತಂಡ ಮೊದಲ ಸೋಂಕನ್ನು ಪತ್ತೆಹಚ್ಚಿತು. ಆಗ ಮದ್ದಿರಲಿಲ್ಲ, ಹೆದರಿಕೆಯೊಂದೇ ಇತ್ತು. 2004ರ ಏಪ್ರಿಲ್ 1ರಿಂದ ಸರ್ಕಾರ ಎ.ಆರ್.ಟಿ. ಮದ್ದನ್ನು ಉಚಿತವಾಗಿ ಕೊಡತೊಡಗಿತು. 2017ರಿಂದ ಸಿ.ಡಿ. 4 ಎಷ್ಟೇ ಇರಲಿ, ಸೋಂಕು ಕಂಡೊಡನೆ ಚಿಕಿತ್ಸೆ ಆರಂಭಿಸುವ ನಿಯಮ ಬಂತು. ನಮ್ಮ ಧರ್ಮಾವರಂ ಹತ್ತಿರದ ಬತ್ತಲಪಲ್ಲಿಯಲ್ಲಿ ಆರ್.ಡಿ.ಟಿ. ಆಸ್ಪತ್ರೆ ಸಾವಿರಾರು ಸೋಂಕಿತರಿಗೆ ಚಿಕಿತ್ಸೆ ನೀಡಿದೆ.

ಈಗ ಬಹುತೇಕ ಮಂದಿಗೆ ಮೂರು ಮದ್ದು ಸೇರಿದ ಒಂದೇ ಗುಳಿಗೆ, ದಿನಕ್ಕೊಂದು. ಇದು ವೈರಸ್ಸನ್ನು ಪೂರ್ತಿ ತೊಡೆದುಹಾಕುವುದಿಲ್ಲ, ಆದರೆ ಕಟ್ಟಿಹಾಕುತ್ತದೆ. ಪರೀಕ್ಷೆಗೂ ಸಿಗದಷ್ಟು ವೈರಸ್ಸು ಕಡಿಮೆಯಾಗಿ ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ನೂರು ತಾಯಂದಿರಲ್ಲಿ 15ರಿಂದ 45 ಮಂದಿಯ ಮಕ್ಕಳಿಗೆ ಸೋಂಕು ತಗಲಬಹುದು. ಸರಿಯಾದ ಚಿಕಿತ್ಸೆಯಿದ್ದರೆ ಅದು 5ಕ್ಕಿಂತ ಕಡಿಮೆ.

ಆದರೆ ಗುಳಿಗೆ ತಪ್ಪಬಾರದು. ಸಾಲದ ಕಂತು ತಪ್ಪಿದರೆ ಬಡ್ಡಿ ಏರುತ್ತದೆ. ಗುಳಿಗೆ ತಪ್ಪಿದರೆ ವೈರಸ್ಸು ಮತ್ತೆ ಏರುತ್ತದೆ, ಮದ್ದಿಗೂ ಬಗ್ಗದ ಹಾಗಾಗಬಹುದು. ನಮ್ಮ ಕಡೆ ಕಂತು ತಪ್ಪುವುದು ಊರು ಬಿಟ್ಟಾಗಲೇ. ಆದ್ದರಿಂದ ಕೂಲಿಗೆ ಹೊರಡುವ ಮುನ್ನ ಎ.ಆರ್.ಟಿ. ಕೇಂದ್ರದಲ್ಲಿ ಹೇಳಿ. ಹೆಚ್ಚು ದಿನದ ಗುಳಿಗೆ ಸಿಗುವುದೇ ಕೇಳಿ. ಬಹಳ ತಿಂಗಳು ಅಲ್ಲೇ ಇರುವುದಾದರೆ ಆ ಊರಿನ ಕೇಂದ್ರಕ್ಕೆ ವರ್ಗಾವಣೆ ಬರೆಸಿಕೊಳ್ಳಿ. ಚಿಕಿತ್ಸೆಯ ಪುಸ್ತಕ ಜೊತೆಗಿರಲಿ. ಆಂಧ್ರವಾಗಲಿ, ಕರ್ನಾಟಕವಾಗಲಿ, ಕಾರ್ಯಕ್ರಮ ಇಡೀ ದೇಶಕ್ಕೆ ಒಂದೇ.

ಗುಳಿಗೆ ತಪ್ಪಿಸುವ ಇನ್ನೊಂದು ಶತ್ರು ನಾಚಿಕೆ. ತೆಲುಗಿನಲ್ಲಿ ಪರುವು ಅನ್ನಿ, ಕನ್ನಡದಲ್ಲಿ ಮಾನ ಅನ್ನಿ, ಅದಕ್ಕೆ ಹೆದರಿ ಡಬ್ಬಿಯನ್ನು ಅಕ್ಕಿಯೊಳಗೆ ಹುದುಗಿಸಿಡುವವರಿದ್ದಾರೆ. ಒಂದು ಅನ್ಯಾಯವನ್ನಂತೂ ಹೇಳಲೇಬೇಕು. ಬಸುರಿಯರಿಗೆ ಪರೀಕ್ಷೆ ಮಾಡುವುದರಿಂದ ಎಷ್ಟೋ ಮನೆಗಳಲ್ಲಿ ಹೆಂಡತಿಯ ಸೋಂಕೇ ಮೊದಲು ತಿಳಿಯುತ್ತದೆ. ಮೊದಲು ತಿಳಿದದ್ದು ಅವಳದು ಎಂದು, ತಂದವಳೂ ಅವಳೇ ಎಂದು ತವರಿಗೆ ಅಟ್ಟುತ್ತಾರೆ. ಪರೀಕ್ಷೆ ಯಾರಿಗಿದೆ ಎಂದು ಹೇಳುತ್ತದೆಯೇ ಹೊರತು ಯಾರಿಂದ ಬಂತು ಎಂದು ಹೇಳುವುದಿಲ್ಲ. ಗಂಡನೂ ಪರೀಕ್ಷೆ ಮಾಡಿಸಿಕೊಳ್ಳಲಿ, ಇಬ್ಬರೂ ಮದ್ದು ನುಂಗಲಿ, ಸಂಸಾರ ನಿಲ್ಲುತ್ತದೆ.

ಕಾನೂನೂ ನಿಮ್ಮ ಕಡೆಗಿದೆ. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಕೆಲಸ, ಶಾಲೆ, ಚಿಕಿತ್ಸೆ, ಬಾಡಿಗೆ ಮನೆ ಯಾವುದರಲ್ಲೂ ಭೇದ ಮಾಡುವಂತಿಲ್ಲ. ಗುಟ್ಟಾಗಿ ಕೇಳಿ ತಿಳಿಯಬೇಕೆಂದರೆ 1097 ಸಂಖ್ಯೆಗೆ ಫೋನ್ ಮಾಡಿ, ಉಚಿತ.

ಪಕ್ಕದ ಮನೆಯಲ್ಲಿ ಇಂಥವರಿದ್ದರೆ ಯಾರಿಂದ ಬಂತು ಎಂದು ಕೇಳಬೇಡಿ. ಈ ತಿಂಗಳ ಗುಳಿಗೆ ಬಂತೇ ಎಂದು ಕೇಳಿ. ಅಷ್ಟು ಮಾತಿನಿಂದ ಒಂದು ಜೀವ ಉಳಿಯಬಹುದು.