ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

(ಪ್ರಾಥಮಿಕ ಶಾಲಾ ದೈಹಿಕ ಶಿಕ್ಷಕರ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಬೀದಿಯ ಮಕ್ಕಳ ಆಟದಲ್ಲಿ ಒಂದು ಹಳೆಯ ಕಾನೂನಿತ್ತು. ದೊಡ್ಡ ಹುಡುಗರು ಲಗೋರಿಯನ್ನೋ ಹುತುತುವನ್ನೋ ಆಡುತ್ತಿರುವಾಗ ಯಾರದಾದರೂ ತಮ್ಮನೋ ತಂಗಿಯೋ ಬಂದು 'ನಾನೂ ಬರ್ತೀನಿ' ಎಂದು ಅಳುವುದಕ್ಕೆ ಶುರುಮಾಡುವುದು. ಒಳಗಿನಿಂದ ತಾಯಿ 'ಸೇರಿಸ್ಕೊಳ್ರೋ' ಎಂದು ಗದರುವುದು. ಆಗ ನಾಯಕನಾದವನು 'ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂದು ಸಾರಿ ಮಗುವನ್ನು ಒಳಗೆ ಬಿಟ್ಟುಕೊಳ್ಳುವುದು. ಅದು ಎಲ್ಲರ ಜೊತೆ ಓಡಬಹುದು, ಕೂಗಬಹುದು. ಆದರೆ ಔಟಾದರೂ ಔಟಲ್ಲ, ಮುಟ್ಟಿದರೂ ಮುಟ್ಟಿದಂತಲ್ಲ. ಮನೆಗೆ ಕಿರಿಯವನಾದ ನಾನು ಈ ಪದವಿಯನ್ನು ನಾಲ್ಕೈದು ವರ್ಷ ಅನುಭವಿಸಿದ್ದೇನೆ. ಅದರಲ್ಲಿ ಒಂದು ಬಗೆಯ ಪ್ರೀತಿಯಿತ್ತು ಎಂದು ಈಗ ಹೇಳಬಹುದು. ಆಗ ಅನ್ನಿಸುತ್ತಿದ್ದುದು ಅವಮಾನ.

ಇವತ್ತು ನನಗೆ ಕೊಟ್ಟಿರುವ ವಿಷಯ 'ಚಿಕ್ಕ ಮಕ್ಕಳು ಮತ್ತು ರಗ್ಬಿ'. ಶಿಬಿರದ ಪಟ್ಟಿಯಲ್ಲಿ ಇದನ್ನು ನೋಡಿ ನಿಮ್ಮಲ್ಲಿ ಕೆಲವರಾದರೂ ನಕ್ಕಿರಬೇಕು. ತಂಡಕ್ಕೆ 15 ಮಂದಿ, 80 ನಿಮಿಷ, 100 ಮೀಟರ್ ಉದ್ದದ ಅಂಗಳ, ಮೊಟ್ಟೆಯಾಕಾರದ ಚೆಂಡು. ಚೆಂಡನ್ನು ಹಿಡಿದು ಮುಂದಕ್ಕೆ ಓಡಬಹುದು, ಒದೆಯಬಹುದು. ಆದರೆ ಕೈಯಿಂದ ಎಸೆಯುವುದಾದರೆ ಹಿಂದಕ್ಕೋ ಪಕ್ಕಕ್ಕೋ ಎಸೆಯಬೇಕು. ಓಡುವವನನ್ನು ಎದುರಾಳಿಗಳು ತಬ್ಬಿ ನೆಲಕ್ಕೆ ಕೆಡವಬಹುದು. ಇದನ್ನೇ ಟ್ಯಾಕಲ್ ಎನ್ನುವುದು. ಆರು ವರ್ಷದ ಮಗುವಿಗೆ ಹೇಳಿ ಮಾಡಿಸಿದ ಆಟವಲ್ಲ. ಹಾಗಿದ್ದೂ ಇಂಗ್ಲೆಂಡ್, ವೇಲ್ಸ್, ನ್ಯೂಜಿಲೆಂಡ್‌ಗಳಲ್ಲಿ ಆರೇಳು ವರ್ಷದ ಮಕ್ಕಳು ಇದನ್ನು ಆಡುತ್ತಾರೆ. ಅದು ಹೇಗೆ ಸಾಧ್ಯವಾಯಿತೆಂದು ನೋಡುವುದು, ಜನ್ಮದಲ್ಲಿ ರಗ್ಬಿ ಆಡಿಸದ ಶಿಕ್ಷಕರಿಗೂ ಉಪಯೋಗದ ಮಾತು.

ರಗ್ಬಿ ಎಂಬುದು ಮೊದಲಿಗೆ ಆಟದ ಹೆಸರಲ್ಲ, ಇಂಗ್ಲೆಂಡಿನ ಒಂದು ಊರಿನ ಹೆಸರು. ಅಲ್ಲಿನ ಪ್ರಸಿದ್ಧ ಶಾಲೆಯಲ್ಲಿ 1823ರಲ್ಲಿ ವಿಲಿಯಂ ವೆಬ್ ಎಲಿಸ್ ಎಂಬ ಹುಡುಗ ಫುಟ್‌ಬಾಲ್ ಆಡುತ್ತಾ ಚೆಂಡನ್ನು ಕೈಗೆತ್ತಿಕೊಂಡು ಓಡಿಬಿಟ್ಟ, ಅಲ್ಲಿಂದ ಈ ಆಟ ಹುಟ್ಟಿತು ಎಂಬುದು ಸ್ಥಳಪುರಾಣ. ಆ ಕಥೆ ಮೊದಲು ಅಚ್ಚಾದದ್ದು 1876ರಲ್ಲಿ, ಎಲಿಸ್ ತೀರಿಕೊಂಡು ನಾಲ್ಕು ವರ್ಷವಾದ ಮೇಲೆ. ಕಣ್ಣಾರೆ ಕಂಡೆ ಎನ್ನುವವರು ಒಬ್ಬರೂ ಸಿಗಲಿಲ್ಲ. ಆದರೂ ರಗ್ಬಿ ವಿಶ್ವಕಪ್ಪಿಗೆ ಅವನದೇ ಹೆಸರು! ಪುರಾಣಕ್ಕೆ ಸಾಕ್ಷಿ ಬೇಕಿಲ್ಲವೆಂಬುದು ನಮಗೇನೂ ಹೊಸದಲ್ಲ.

ದಾಖಲೆಗೆ ಸಿಗುವ ಸಂಗತಿಗಳು ಹೆಚ್ಚು ಸ್ವಾರಸ್ಯಕರ. 1845ರಲ್ಲಿ ನಿಯಮಗಳನ್ನು ಬರೆದವರು ಅಧ್ಯಾಪಕರಲ್ಲ, ವಿದ್ಯಾರ್ಥಿಗಳೇ. ಆಗ ತಂಡಕ್ಕೆ ಇಷ್ಟೇ ಜನ ಎಂಬ ಮಿತಿಯಿರಲಿಲ್ಲ. 1839ರಲ್ಲಿ ರಾಣಿ ಅಡಿಲೇಡ್ ಶಾಲೆಗೆ ಬಂದಾಗ ಒಂದು ಕಡೆ 75, ಇನ್ನೊಂದು ಕಡೆ 225 ಹುಡುಗರು ಆಡಿದರಂತೆ. ಅದು ಆಟವೋ ಜಾತ್ರೆಯೋ ಹೇಳುವುದು ಕಷ್ಟ. ಇದರಲ್ಲಿ ಕಿರಿಯರ ಪಾಡೇನು? ಥಾಮಸ್ ಹ್ಯೂಸ್ 1857ರಲ್ಲಿ ಪ್ರಕಟಿಸಿದ 'ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್' ಕಾದಂಬರಿಯಲ್ಲಿ ಅದರ ಚಿತ್ರವಿದೆ. ಚಿಕ್ಕ ಹುಡುಗರನ್ನು ಗೋಲಿನ ಬಳಿ ಕಾವಲಿಗೆ ನಿಲ್ಲಿಸುತ್ತಿದ್ದರು. ಚೆಂಡು ಬಂದರೆ ಅದರ ಮೇಲೆ ಬೀಳಬೇಕು, ಬರದಿದ್ದರೆ ಚಳಿಯಲ್ಲಿ ನಡುಗುತ್ತಾ ನಿಂತಿರಬೇಕು. ನಮ್ಮ ಬೀದಿಯ ಕಾನೂನೇ, ಸ್ವಲ್ಪ ಕ್ರೂರವಾಗಿ.

1871ರಲ್ಲಿ ರಗ್ಬಿ ಸಂಘ ಸ್ಥಾಪನೆಯಾಗಿ ದೊಡ್ಡವರ ನಿಯಮಗಳು ಗಟ್ಟಿಯಾದವು. ಆಮೇಲೆ ಸುಮಾರು ನೂರು ವರ್ಷ ಮಕ್ಕಳು ಹೆಚ್ಚಾಗಿ ಆಡಿದ್ದು ದೊಡ್ಡವರ ಆಟವನ್ನೇ. ಅಪ್ಪನ ಅಂಗಿ ತೊಡಿಸಿ ತೋಳು ಮಡಿಚಿದ ಹಾಗೆ. ಅಷ್ಟು ದೊಡ್ಡ ಅಂಗಳದಲ್ಲಿ ಮೂವತ್ತು ಮಕ್ಕಳನ್ನು ಬಿಟ್ಟರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ವಯಸ್ಸಿಗೆ ಮೀರಿ ಬೆಳೆದ ಇಬ್ಬರು ಚೆಂಡನ್ನು ಹಿಡಿದು ಓಡುತ್ತಾರೆ, ಉಳಿದವರು ನೋಡುತ್ತಾರೆ.

ಇದನ್ನು ನೇರ ಮಾಡುವ ಯೋಚನೆ ಗಟ್ಟಿಯಾಗಿ ಬೇರೂರಿದ್ದು ವೇಲ್ಸಿನಲ್ಲಿ. ವೇಲ್ಸ್ ಕಲ್ಲಿದ್ದಲು ಗಣಿಗಳ ನಾಡು. ಇಂಗ್ಲೆಂಡಿನಲ್ಲಿ ಶ್ರೀಮಂತರ ಶಾಲೆಗಳದಾಗಿದ್ದ ಆಟ ಅಲ್ಲಿ ಗಣಿಕಾರ್ಮಿಕರ ಮನೆಗಳದಾಗಿತ್ತು. 1967ರಲ್ಲಿ ಅಲ್ಲಿನ ಸಂಘ ರೇ ವಿಲಿಯಮ್ಸ್ ಎಂಬವರನ್ನು ತರಬೇತಿಯ ಸಂಘಟಕರನ್ನಾಗಿ ನೇಮಿಸಿತು. 1970ರ ಸುಮಾರಿಗೆ 'ಮಿನಿ ರಗ್ಬಿ' ಬಂತು. ತಂಡಕ್ಕೆ ಒಂಬತ್ತೇ ಮಂದಿ, ಚಿಕ್ಕ ಅಂಗಳ, ಚಿಕ್ಕ ಚೆಂಡು. ಮಗುವನ್ನು ಆಟಕ್ಕೆ ತಕ್ಕಂತೆ ಬಗ್ಗಿಸುವ ಬದಲು ಆಟವನ್ನೇ ಮಗುವಿನ ಅಳತೆಗೆ ಹೊಲಿದರು. ಜನ ಕಡಿಮೆಯಾದಷ್ಟೂ ಪ್ರತಿ ಮಗುವಿನ ಕೈಗೆ ಚೆಂಡು ಬರುವ ಸಲ ಹೆಚ್ಚುತ್ತದೆ. ಇದು ತೀರ ಸಣ್ಣ ಲೆಕ್ಕಾಚಾರ. ಇದು ಹೊಳೆಯುವುದಕ್ಕೆ ನೂರು ವರ್ಷ ಬೇಕಾಯಿತು.

ಅದಕ್ಕಿಂತ ಮುಂದಿನ ಹೆಜ್ಜೆ ಟ್ಯಾಗ್ ರಗ್ಬಿ. ಇಲ್ಲಿ ಕೆಡವುವುದು, ತಳ್ಳುವುದು ಇಲ್ಲವೇ ಇಲ್ಲ. ಪ್ರತಿಯೊಬ್ಬರ ಸೊಂಟದ ಪಟ್ಟಿಯಿಂದ ಎರಡು ರಿಬ್ಬನ್ ಅಕ್ಕಪಕ್ಕ ಇಳಿಬಿದ್ದಿರುತ್ತವೆ. ಚೆಂಡು ಹಿಡಿದು ಓಡುವ ಮಗುವಿನ ರಿಬ್ಬನ್ನನ್ನು ಎದುರಾಳಿ ಕಿತ್ತು 'ಟ್ಯಾಗ್' ಎಂದು ಕೂಗಿದರೆ ಆ ಮಗು ತಕ್ಷಣ ಚೆಂಡನ್ನು ಜೊತೆಗಾರರಿಗೆ ಎಸೆಯಬೇಕು. ಕಿತ್ತವನು ರಿಬ್ಬನ್ನನ್ನು ಮರ್ಯಾದೆಯಿಂದ ಹಿಂದಕ್ಕೆ ಕೊಡಬೇಕು. ನ್ಯೂಜಿಲೆಂಡಿನಲ್ಲಿ ಇದೇ ಬಗೆಯ ಆಟಕ್ಕೆ 'ರಿಪ್ಪಾ ರಗ್ಬಿ' ಎನ್ನುತ್ತಾರೆ. ನಾವೆಲ್ಲ ಚಡ್ಡಿಯ ಹಿಂದೆ ಕರವಸ್ತ್ರ ಸಿಕ್ಕಿಸಿಕೊಂಡು ಬಾಲ ಕೀಳುವ ಆಟ ಆಡಿದವರೇ. ಅದಕ್ಕೆ ಒಂದು ಚೆಂಡನ್ನು ಸೇರಿಸಿಕೊಳ್ಳಿ, ಅಷ್ಟೆ.

ಇದರ ಗುಟ್ಟು ರಿಬ್ಬನ್ನಿನಲ್ಲಿದೆ. ದಪ್ಪ ಹುಡುಗನ ಬಲ ಇಲ್ಲಿ ಕೆಲಸಕ್ಕೆ ಬಾರದು. ಕುಳ್ಳಿಯಾದ, ಚುರುಕಾದ ಹುಡುಗಿ ಅವನ ಪಕ್ಕದಲ್ಲಿ ನುಸುಳಿ ರಿಬ್ಬನ್ ಕಿತ್ತುಬಿಡುತ್ತಾಳೆ. ಹುಡುಗ ಹುಡುಗಿಯರು ಒಟ್ಟಿಗೆ ಆಡಬಹುದು. ಚೆಂಡನ್ನು ಹಿಂದಕ್ಕೇ ಎಸೆಯಬೇಕಾದ್ದರಿಂದ ಎಲ್ಲರಿಗಿಂತ ಹಿಂದೆ ಬಿದ್ದ ಮಗುವಿಗೂ ಚೆಂಡು ಸಿಗುತ್ತದೆ. ಹಿಂದೆ ಉಳಿಯುವುದೇ ಅನುಕೂಲವಾಗುವ ಆಟಗಳು ಎಷ್ಟಿವೆ ಹೇಳಿ?

2010ರ ದಶಕದಲ್ಲಿ ಇಂಗ್ಲೆಂಡಿನ ಸಂಘ ಮಕ್ಕಳ ನಿಯಮಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತಿದ್ದಿತು. 7 ವರ್ಷದೊಳಗಿನವರಿಗೆ ತಂಡಕ್ಕೆ ನಾಲ್ವರು, 8ರೊಳಗಿನವರಿಗೆ ಆರು ಮಂದಿ. ಇಬ್ಬರಿಗೂ ಟ್ಯಾಗ್ ಮಾತ್ರ. 9ರೊಳಗಿನವರಲ್ಲಿ ಟ್ಯಾಕಲ್ ಶುರು. ಹದಿಹರೆಯಕ್ಕೆ ಬಂದ ಮೇಲಷ್ಟೇ 15 ಮಂದಿಯ ಪೂರ್ತಿ ಆಟ. ಆದರೆ ಆ ಟ್ಯಾಕಲ್ ಇನ್ನೂ ತಡವಾಗಬೇಕು, ಶಾಲೆಗಳಲ್ಲಿ ಇರಲೇಬಾರದು ಎನ್ನುವವರಿದ್ದಾರೆ. 2016ರಲ್ಲಿ ಬ್ರಿಟನ್ನಿನ 70ಕ್ಕೂ ಹೆಚ್ಚು ವೈದ್ಯರು, ವಿದ್ವಾಂಸರು ಸರಕಾರಕ್ಕೆ ಬಹಿರಂಗ ಪತ್ರ ಬರೆದು, ತಲೆಗೆ ಬೀಳುವ ಪೆಟ್ಟಿನ ಅಪಾಯವನ್ನು ಎತ್ತಿ, ಶಾಲಾ ರಗ್ಬಿಯಲ್ಲಿ ಟ್ಯಾಕಲ್ ನಿಲ್ಲಿಸಬೇಕೆಂದು ಕೇಳಿದರು. ಸರಕಾರದ ವೈದ್ಯ ಸಲಹೆಗಾರರು ಒಪ್ಪಲಿಲ್ಲ. ಸರಿಯಾದ ಭಂಗಿಯನ್ನು ಬೇಗ ಕಲಿತರೇ ಕ್ಷೇಮ ಎಂದು ಆಟದವರು ವಾದಿಸುತ್ತಾರೆ. ನನ್ನನ್ನು ಕೇಳಿದರೆ ನಾನು ವೈದ್ಯರ ಪಕ್ಷ. ಮಂಡಿ ತರಚಿದರೆ ಅರಿಶಿನ ಹಚ್ಚಬಹುದು, ಮೆದುಳಿಗೆ ಹಚ್ಚುವುದಕ್ಕಾಗದು. ನಮ್ಮ ಶಾಲೆಗಳಲ್ಲಿ ಟ್ಯಾಕಲ್ಲಿನ ಮಾತೇ ಬೇಡ, ಟ್ಯಾಗ್ ಸಾಕು.

ರಗ್ಬಿಯಾಚೆಗಿನ ಒಂದು ಉದಾಹರಣೆ ಕೊಟ್ಟು ನಮ್ಮ ದೇಶಕ್ಕೆ ಬರುತ್ತೇನೆ. ನಾರ್ವೆಯ ಕ್ರೀಡಾ ಸಂಸ್ಥೆ 1987ರಲ್ಲಿ ಮಕ್ಕಳ ಕ್ರೀಡೆಗೆಂದೇ ನಿಯಮಾವಳಿ ತಂದು, 2007ರಲ್ಲಿ ಪರಿಷ್ಕರಿಸಿತು. 11 ವರ್ಷ ತುಂಬುವವರೆಗೆ ಫಲಿತಾಂಶದ ಪಟ್ಟಿ, ಶ್ರೇಯಾಂಕಗಳನ್ನು ಇಡುವಂತಿಲ್ಲ. 13ರವರೆಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಯಾವ ಆಟ, ಎಷ್ಟು ಅಭ್ಯಾಸ ಎಂಬುದರಲ್ಲಿ ಮಗುವಿನ ಮಾತಿಗೂ ಬೆಲೆ. ಹೀಗೆ ಮುದ್ದು ಮಾಡಿದರೆ ದೇಶ ಪದಕ ಗೆದ್ದ ಹಾಗೆಯೇ ಎಂದು ನಮ್ಮವರು ಹೇಳಿಯಾರು. 2018ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ನಾರ್ವೆ 39 ಪದಕ ಗೆದ್ದು ದಾಖಲೆ ಮಾಡಿತು. ಆ ದೇಶದ ಜನಸಂಖ್ಯೆ ನಮ್ಮ ಬೆಂಗಳೂರಿನಷ್ಟೂ ಇಲ್ಲ. ಹಿಮವೂ ಹಣವೂ ಅವರಿಗೆ ಧಾರಾಳವಾಗಿದೆ ಎಂಬುದನ್ನು ಮರೆಯಬಾರದು. ಆದರೆ ಪಟ್ಟಿ ಇಡದಿದ್ದುದರಿಂದ ನಷ್ಟವಾಗಲಿಲ್ಲ ಎಂಬುದಂತೂ ನಿಜ.

ಇನ್ನು ಭಾರತ. ಈ ಆಟ ನಮಗೆ ನಿನ್ನೆ ಮೊನ್ನೆ ಬಂದದ್ದಲ್ಲ. 1872ರ ಕ್ರಿಸ್‌ಮಸ್ ದಿನ ಕಲ್ಕತ್ತೆಯಲ್ಲಿ ಇಂಗ್ಲೆಂಡಿನವರು ಒಂದು ಕಡೆ, ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸಿನವರು ಇನ್ನೊಂದು ಕಡೆ ನಿಂತು ಆಡಿದರು. ಅದರಿಂದ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಅವರ ಉತ್ಸಾಹ ಇಳಿಯಿತು. ಕ್ಲಬ್ಬಿನಲ್ಲಿ ಪುಕ್ಕಟೆ ಮದ್ಯ ನಿಂತದ್ದೂ ಒಂದು ಕಾರಣವೆನ್ನುತ್ತಾರೆ. ಪೋಲೊ, ಟೆನಿಸ್‌ಗಳು ಹೆಚ್ಚು ಹಿತವೆನಿಸಿದವು. ಕ್ಲಬ್ ಮುಚ್ಚುವಾಗ ಬ್ಯಾಂಕಿನಲ್ಲಿದ್ದ 270 ಬೆಳ್ಳಿಯ ರೂಪಾಯಿಗಳನ್ನು ತೆಗೆದು, ಕರಗಿಸಿ, ಒಂದು ಬಟ್ಟಲು ಮಾಡಿಸಿ 1878ರಲ್ಲಿ ಲಂಡನ್ನಿಗೆ ಕೊಟ್ಟುಬಿಟ್ಟರು. ಮೂರು ಹಿಡಿಕೆಗಳೂ ನಾಗರಹಾವು, ಮುಚ್ಚಳದ ಮೇಲೆ ಆನೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇಂದಿಗೂ ಆಡುವುದು ಈ 'ಕಲ್ಕತ್ತಾ ಕಪ್' ಸಲುವಾಗಿಯೇ. 1988ರಲ್ಲಿ ಎರಡೂ ತಂಡದ ಆಟಗಾರರು ಗೆಲುವಿನ ರಾತ್ರಿ ಎಡಿನ್‌ಬರೋ ಬೀದಿಯಲ್ಲಿ ಅದನ್ನೇ ಒದ್ದಾಡಿ ಜಜ್ಜಿ ಹಾಕಿದ್ದು ಬೇರೆ ಕಥೆ. ನಮ್ಮ ದುಃಖ ಬೇರೆ. ಬೆಳ್ಳಿ ನಮ್ಮದು, ಹಾವು ಆನೆಗಳು ನಮ್ಮವು, ಅಂಗಳ ನಮ್ಮದು. ಅಂಗಳದ ಅಂಚಿನಲ್ಲಿ ನಿಂತಿದ್ದ ಮಕ್ಕಳು ಮಾತ್ರ ಆಟಕ್ಕೂ ಇರಲಿಲ್ಲ, ಲೆಕ್ಕಕ್ಕೂ ಇರಲಿಲ್ಲ.

ಅವರು ಒಳಗೆ ಬರುವುದಕ್ಕೆ ಬಹಳ ಕಾಲ ಹಿಡಿಯಿತು. ಅದೇ ಕೋಲ್ಕತ್ತದಲ್ಲಿ 2004ರಲ್ಲಿ ಪಾಲ್ ವಾಲ್ಷ್ ಎಂಬ ಬ್ರಿಟಿಷ್ ರಾಯಭಾರ ಕಚೇರಿಯ ಅಧಿಕಾರಿ ಬಡ ಮಕ್ಕಳನ್ನು ಸೇರಿಸಿ 'ಜಂಗಲ್ ಕ್ರೋಸ್' ಎಂಬ ತಂಡ ಕಟ್ಟಿದರು. ಅದರಿಂದ ಬೆಳೆದ 'ಖೇಲೋ ರಗ್ಬಿ' ಕಾರ್ಯಕ್ರಮ ಬಸ್ತಿಗಳಿಗೆ ಹೋಯಿತು. 2013ರ ಸುಮಾರಿಗೆ ಜಲಪಾಯಿಗುಡಿ ಜಿಲ್ಲೆಯ ಸರಸ್ವತಿಪುರ ಚಹಾ ತೋಟಕ್ಕೂ ಹೋಯಿತು. ಕಾಡಿನ ಮಗ್ಗುಲಿನ ಆ ತೋಟದಲ್ಲಿ ಎಲೆ ಕೀಳುವ ಕಾರ್ಮಿಕರ ಹೆಣ್ಣುಮಕ್ಕಳು ಚೆಂಡು ಹಿಡಿದರು. ಅವರಲ್ಲಿ ಕೆಲವರು ಭಾರತ ತಂಡದವರೆಗೆ ಬಂದರು. ಅಷ್ಟೂ ಮಂದಿ ಬರಲಿಲ್ಲ, ಬರಬೇಕಾಗಿಯೂ ಇಲ್ಲ.

ಒಡಿಶಾದ ಕಥೆಯನ್ನು ನೀವು ಕೇಳಿರಬಹುದು. ಭುವನೇಶ್ವರದ ವಸತಿಶಾಲೆಯೊಂದರ ಆದಿವಾಸಿ ಹುಡುಗರು 2007ರಲ್ಲಿ ಲಂಡನ್ನಿಗೆ ಹೋಗಿ 14 ವರ್ಷದೊಳಗಿನ ಶಾಲಾ ತಂಡಗಳ ಅಂತರರಾಷ್ಟ್ರೀಯ ಪಂದ್ಯಾವಳಿ ಗೆದ್ದು ಬಂದರು. ಸಿನಿಮಾ ಕೂಡ ಆಯಿತು. ಅಲ್ಲಿನ ಹೆಣ್ಣುಮಕ್ಕಳೂ ಹಿಂದೆ ಬೀಳಲಿಲ್ಲ. ಭಾರತದ ಮಹಿಳೆಯರು 15 ಮಂದಿಯ ಅಂತರರಾಷ್ಟ್ರೀಯ ಪಂದ್ಯ ಮೊದಲು ಆಡಿದ್ದು 2018ರಲ್ಲಿ. ಮರುವರ್ಷ ಸಿಂಗಪುರವನ್ನು 21-19ರಿಂದ ಸೋಲಿಸಿದಾಗ ಕೊನೆಯ ನಿಮಿಷಗಳಲ್ಲಿ ಗೆಲುವಿನ ಒದೆತ ಒದ್ದವರು ಒಡಿಶಾದ ಸುಮಿತ್ರಾ ನಾಯಕ್. ಇಂಥ ಕಥೆ ಕೇಳಿದರೆ ಕಣ್ಣು ತೇವವಾಗುತ್ತದೆ, ಆಗಲಿ. ಆದರೆ ಹನ್ನೆರಡು ಹುಡುಗರನ್ನು ಆರಿಸಿ ಗೆಲ್ಲಿಸುವುದು ಒಂದು ಕೆಲಸ; ಬೇರುಮಟ್ಟದ ಕೆಲಸ ಇನ್ನೊಂದು. ಆರಿಸದೆ ಬಿಟ್ಟ ಮಗು ಮರುದಿನ ಮೈದಾನಕ್ಕೆ ಬಂತೇ ಎಂದು ಕೇಳಬೇಕಾದದ್ದು ಅಲ್ಲಿ.

2025ರ ಜೂನಿನಲ್ಲಿ ಮುಂಬಯಿಯಲ್ಲಿ ರಗ್ಬಿಯ ಲೀಗ್ ನಡೆಯಿತು. ಆರು ತಂಡಗಳಲ್ಲಿ ಬೆಂಗಳೂರಿನ ಹೆಸರಿನದೂ ಒಂದಿತ್ತು. ಇನ್ನು ನಿಮ್ಮ ಮಕ್ಕಳೂ ಟೀವಿಯಲ್ಲಿ ಇದನ್ನು ನೋಡಿಯಾರು, ಮರುದಿನ ಅಂಗಳದಲ್ಲಿ ಒಬ್ಬರ ಮೇಲೊಬ್ಬರು ಬೀಳಲು ಹೊರಟಾರು. ಅದಕ್ಕೆ ಮೊದಲೇ ಅವರ ಕೈಗೆ ರಿಬ್ಬನ್ ಕೊಡುವುದು ಲೇಸು.

ಕ್ರೀಡಾದಿನದಂದು ನಮ್ಮ ಶಾಲೆಗಳಲ್ಲಿ ನಡೆಯುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹನ್ನೊಂದು ಮಕ್ಕಳು ಆಡುತ್ತಾರೆ, ಮುನ್ನೂರು ಮಕ್ಕಳು ಬಿಸಿಲಲ್ಲಿ ಕೂತು ಚಪ್ಪಾಳೆ ತಟ್ಟುತ್ತಾರೆ. ಹಾಗೆ ಕೂತವರಲ್ಲಿ ನಾನೂ ಒಬ್ಬನಾಗಿದ್ದೆ. ಏಳು ವರ್ಷದ ಶಾಲಾ ಜೀವನದಲ್ಲಿ ಕಬಡ್ಡಿ ಅಂಕಣದ ಸುಣ್ಣದ ಗೆರೆಯನ್ನು ನಾನು ದಾಟಿದ್ದು ಒಂದೇ ಸಲ, ಅದೂ ನೀರಿನ ಬಿಂದಿಗೆ ಹಿಡಿದುಕೊಂಡು.

ಮಾತು ಸಾಕು. ಮನೆಯಲ್ಲಿದ್ದ ಹಳೆಯ ಸೀರೆಯ ಅಂಚುಗಳನ್ನು ಕತ್ತರಿಸಿ ನಲವತ್ತು ರಿಬ್ಬನ್ ತಂದಿದ್ದೇನೆ, ಸೊಂಟದ ಪಟ್ಟಿಗೆ ಲಾಡಿಗಳಿವೆ. ರಗ್ಬಿ ಚೆಂಡು ಸಿಗಲಿಲ್ಲ, ಬಟ್ಟೆ ತುಂಬಿ ಹೊಲಿದ ಉದ್ದನೆಯ ಚೆಂಡೊಂದಿದೆ. ನಾಲ್ಕು ನಾಲ್ಕು ಮಂದಿಯಾಗಿ ಹೊರಗೆ ಬನ್ನಿ. ಹಿಂದಿನ ಸಾಲಿನಲ್ಲಿ ಮಂಡಿನೋವು ಎನ್ನುತ್ತಿರುವವರೂ ಬರಬೇಕು. ಚೆಂಡು ಹಿಂದಕ್ಕೇ ಬರುತ್ತದೆ.